ಸಿಗ್ನಲ್‌ನಲ್ಲಿ ನಿಂತರೆ ಹೀಟ್, ಓಡಿದರೆ ಸರಿ: ರೇಡಿಯೇಟರ್ ಫ್ಯಾನ್ ಮೋಟಾರ್ ಹೋಗಿದೆಯೋ, ವೈರಿಂಗೋ?

ಚೆಂಬೂರ್ ಸವಾರ, ಮುಂಬಯಿ

ಗಾಡಿ 2013ರ ಪೆಟ್ರೋಲ್ ಸೆಡಾನ್, 94,000 ಕಿ.ಮೀ. ಓಡಿದೆ. ರೇಡಿಯೇಟರ್ ಹಿಂದೆ ಅಕ್ಕಪಕ್ಕ ಎರಡು ಫ್ಯಾನ್ ಇವೆ.

ಈಸ್ಟರ್ನ್ ಫ್ರೀವೇ ಮೇಲೆ ಹೋಗುವಾಗ ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ, ಎ.ಸಿ. ಚೆನ್ನಾಗಿ ತಂಪು ಮಾಡುತ್ತದೆ. ಸಯನ್ ಸಿಗ್ನಲ್‌ನಲ್ಲಿ ಐದು ನಿಮಿಷ ಸಿಕ್ಕಿಕೊಂಡರೆ ಮೊದಲು ಎ.ಸಿ. ಗಾಳಿ ಬೆಚ್ಚಗಾಗುತ್ತದೆ, ಆಮೇಲೆ ಮುಳ್ಳು ಮುಕ್ಕಾಲಿಗೆ ಏರುತ್ತದೆ. ಅಷ್ಟು ಹೊತ್ತಿಗೆ ಒಂದು ಫ್ಯಾನ್ ಜೋರಾಗಿ ಶುರುವಾಗುತ್ತದೆ, ಇನ್ನೊಂದರ ಸದ್ದೇ ಇಲ್ಲ. ಕೂಲಂಟ್ ಮಟ್ಟ ಸರಿ ಇದೆ, ಎಲ್ಲೂ ಸೋರಿಕೆ ಕಾಣುವುದಿಲ್ಲ. ಗ್ಯಾರೇಜಿನವರು ಎರಡೂ ಫ್ಯಾನಿನ ಅಸೆಂಬ್ಲಿ, ಜೊತೆಗೆ ರಿಲೇ ಬಾಕ್ಸ್ ಬದಲಾಯಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ಮನೆಯಲ್ಲೇ ಏನೇನು ನೋಡಬಹುದು? ಮಲ್ಟಿಮೀಟರ್ ಇದೆ, ಇಂಜಿನ್ ಕಂಪ್ಯೂಟರಿನ ಅಂಕಿ, ಕೋಡ್ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಇದೆ.


ನಾನಾಪೇಠ್ ವೈರ್‌ಮನ್, ಪುಣೆ

ಓಡಿದಾಗ ತಂಪು, ನಿಂತಾಗ ಬಿಸಿ ಅಂದ್ರ ಅದು ಗಾಳಿ ತಕರಾರು ರೀ. ಗಾಡಿ 50ರ ಮ್ಯಾಲೆ ಹೊಂಟಾಗ ಗ್ರಿಲ್‌ನಿಂದ ನುಗ್ಗೋ ಗಾಳಿನ ಸಾಕು, ಫ್ಯಾನಿನ ಹಂಗಿಲ್ಲ. ನಿಂತಾಗ ಫ್ಯಾನ ಗತಿ. ಇದರ ಉಲ್ಟಾ ಇತ್ತು, ಅಂದ್ರ ಸಿಗ್ನಲ್‌ನ್ಯಾಗ ಆರಾಮ ಇದ್ದು ಹೈವೇನ್ಯಾಗ ಮುಳ್ಳು ಏರತಿತ್ತು ಅಂದ್ರ, ಫ್ಯಾನ್ ಬಿಟ್ಟು ಥರ್ಮೋಸ್ಟಾಟು (ರೇಡಿಯೇಟರಿಗೆ ಕೂಲಂಟ್ ಬಿಡೋ ವಾಲ್ವ್), ವಾಟರ್ ಪಂಪು, ಒಳಗ ಕಟ್ಟಿಕೊಂಡ ರೇಡಿಯೇಟರು ನೋಡಬೇಕಾಗತಿತ್ತು. ಖಂಡಾಳಾ ಘಾಟ್, ಕಾತ್ರಜ್ ಘಾಟ್ ಏರುವಾಗ ಹೀಟ್ ಆತು ಅಂದ್ರ ಮಾತ್ರ ಗೊಂದಲ. ಸ್ಪೀಡ್ ಕಡಿಮಿ, ಲೋಡ್ ಜಾಸ್ತಿ, ಎರಡರೊಳಗ ಯಾವುದೂ ಇರಬಹುದು.

ಎ.ಸಿ. ಬೆಚ್ಚಗಾಗೋದೂ ಅದೇ ಕಾರಣಕ್ಕ. ಎ.ಸಿ. ಗ್ಯಾಸ್ ತಣ್ಣಗ ಮಾಡೋ ಕಂಡೆನ್ಸರ್ ರೇಡಿಯೇಟರ್ ಮುಂದ ಕುಂತಿರತೈತಿ, ಅದಕ್ಕೂ ಗಾಳಿ ಎಳ್ಯೋದು ಇದೇ ಫ್ಯಾನ್. ಮುಳ್ಳು ಏರೋಕಿಂತ ಮೊದಲ ಎ.ಸಿ. ಸುಳಿವು ಕೊಡತೈತಿ.

ಕೈ ಹಾಕೋಕಿಂತ ಮೊದಲ ಎರಡು ಮಾತು. ಇಗ್ನಿಷನ್ ಬಂದ್ ಇದ್ರೂ ಕೆಲವು ಗಾಡ್ಯಾಗ ಫ್ಯಾನ್ ತಾನ ಚಾಲೂ ಆಗತೈತಿ. ಬ್ಯಾಟರಿ ಮೈನಸ್ ಬಿಚ್ಚಿಟ್ಟ ಮ್ಯಾಲೇ ಎಲೆಗೋಳ ಹತ್ರ ಬೆರಳು ಒಯ್ರಿ. ಇನ್ನ, ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಬ್ಯಾಡ್ರಿ. ಕ್ಯಾಪಿನ ಮ್ಯಾಲೆ 0.9 ಇಲ್ಲಾ 1.1 ಅಂತ ಬರದಿರತೈತಿ, ಅದು ಬಾರ್ ಲೆಕ್ಕ. 0.9 ಬಾರ್ ಒತ್ತಡದಾಗ ಬರೀ ನೀರು ಸೈತ 118 ಡಿಗ್ರಿ ತನಕ ಕುದಿಯಂಗಿಲ್ಲ. ಕ್ಯಾಪ್ ತಿರುವಿದ್ರಿ ಅಂದ್ರ ಒತ್ತಡ ಹೋಗಿ ಎಲ್ಲಾ ಒಮ್ಮೆಲೆ ಕುದ್ದು ಮಕಕ್ಕ ಬರತೈತಿ.

ಈಗ ಇಷ್ಟು ಮಾಡಿ ಹೇಳ್ರಿ:

ತಣ್ಣಗ ಇದ್ದಾಗ ಎರಡೂ ಫ್ಯಾನ್ ಕೈಲೆ ತಿರುವ್ರಿ. ಹಗುರ ತಿರುಗಬೇಕು, ಬಿಟ್ಟಾಗ ಒಂದರ್ಧ ಸುತ್ತು ತಾನ ಹೋಗಬೇಕು. ಗರ್ ಅಂತ ಬಿಗಿ ಆದ್ರ ಬುಶ್ ಹೋಗೈತಿ ಅಂತ ತಿಳ್ಕೋರಿ. ಎಲೆ ಹಿಂದ ಮುಂದ ಜಗ್ಗಿದ್ರ ಆಟ ಇರಬಾರದು.

ಗಾಡಿ ಚಾಲೂ ಮಾಡಿ ಎ.ಸಿ. ಹಚ್ರಿ. ಒಂದೆರಡು ನಿಮಿಷದಾಗ ಫ್ಯಾನ್ ಬಂತೋ ಇಲ್ಲೋ, ಒಂದೋ ಎರಡೋ, ಮೆಲ್ಲಕೋ ಜೋರೋ.

ಫ್ಯೂಸ್ 30 ಇಲ್ಲಾ 40 ಆಂಪಿಯರಿಂದ ಇರತೈತಿ. ಬರೇ ಕಣ್ಣಿಲೆ ನೋಡಬ್ಯಾಡ್ರಿ. ಕೂರಿಸಿದಂಗ ಇಟ್ಟು, ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಮ್ಯಾಲೆ ಇಟ್ಟು, ಕೆಂಪು ಕಡ್ಡಿ ಫ್ಯೂಸಿನ ಮ್ಯಾಲಿನ ಎರಡೂ ತುದಿಗೆ ಒಂದೊಂದಾಗಿ ಹಿಡೀರಿ, ಎರಡೂ ಕಡೆ ಬ್ಯಾಟರಿ ವೋಲ್ಟೇಜ್ ಸಿಗಬೇಕು. ಆಮೇಲೆ ಫ್ಯೂಸ್ ತಗದು ಕಾಲು, ಕೆಳಗಿನ ಸಾಕೆಟ್ ನೋಡ್ರಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿತ್ತಂದ್ರ ಫ್ಯೂಸ್ ಉಳದೈತಿ, ಸಾಕೆಟ್ ಸುಟ್ಟೈತಿ. 20 ಆಂಪಿಯರ್ ಹರಿಯೋ ಜಾಗದಾಗ 0.1 ಓಮ್ ಸಡಿಲ ಇದ್ರ ಅಲ್ಲೇ 40 ವ್ಯಾಟ್ ಕಾವು. ಫ್ಯೂಸ್ ಹಾರಂಗಿಲ್ಲ, ಪ್ಲಾಸ್ಟಿಕ್ ಕರಗತೈತಿ.


ಹಡಪ್ಸರ್ ಡೀಸೆಲ್, ಪುಣೆ

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಫ್ಯಾನ್ ಡೈರೆಕ್ಟ್ ಮಾಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿಸಿ. ಟ್ರಾಫಿಕ್ ಬಂದಾಗ ಆನ್, ಇಲ್ಲದಿದ್ದಾಗ ಆಫ್. ಅರ್ಧ ಗಂಟೆಯ ಕೆಲಸ.


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಡೈರೆಕ್ಟ್ ವಿಷಯ ಆಮೇಲೆ ಮಾತಾಡುವ. ಚೆಂಬೂರಿನವರು ಬರೆದದ್ದರಲ್ಲೇ ಅರ್ಧ ಉತ್ತರ ಉಂಟು ಮಾರಾಯ್ರೆ. “ಕಡಿಮೆ ವೇಗದಲ್ಲಿ ಎರಡೂ ಇಲ್ಲ, ಜೋರು ವೇಗದಲ್ಲಿ ಒಂದೇ” ಎಂಬುದು ತುಂಬ ಚಂದದ ಲಕ್ಷಣ.

ಎರಡು ಫ್ಯಾನ್ ಇರುವ ಬಹಳಷ್ಟು ಗಾಡಿಗಳಲ್ಲಿ ಮೂರು ರಿಲೇ, ಅಂದರೆ ಸಣ್ಣ ಕರೆಂಟಿನ ಕಾಯಿಲು ಎಳೆದು ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್, ಹಾಕಿರುತ್ತಾರೆ. ಕಡಿಮೆ ವೇಗ ಬೇಕಾದಾಗ ಎರಡೂ ಮೋಟಾರನ್ನು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸುವುದು, ಆಗ 12 ವೋಲ್ಟ್ ಹಂಚಿಹೋಗಿ ತಲಾ 6 ಸಿಗುತ್ತದೆ. ಜೋರು ಬೇಕಾದಾಗ ಎರಡಕ್ಕೂ ಪೂರ್ತಿ 12. ಕರೆಂಟಿನ ದಾರಿ ಹೀಗೆ ಅಂತ ಇಟ್ಟುಕೊಳ್ಳಿ: ಬ್ಯಾಟರಿಯಿಂದ 1ನೇ ರಿಲೇ, ಅಲ್ಲಿಂದ 1ನೇ ಫ್ಯಾನ್, ಅಲ್ಲಿಂದ 2ನೇ ರಿಲೇ. ಈ 2ನೆಯದು ಮಾತ್ರ ಐದು ಕಾಲಿನದ್ದು, 87ಎ ಎಂಬ, ರಿಲೇ ಸುಮ್ಮನಿದ್ದಾಗ ತಾಗಿರುವ ಕಾಲು ಇರುವಂಥದ್ದು. ಅದು ಸುಮ್ಮನಿದ್ದಾಗ ಕರೆಂಟು 2ನೇ ಫ್ಯಾನಿಗೆ ಹೋಗಿ ಅರ್ಥ್ (ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ) ಸೇರುತ್ತದೆ. ಅದು ಎಳೆದುಕೊಂಡಾಗ 1ನೇ ಫ್ಯಾನಿಗೆ ಬೇರೆಯೇ ಅರ್ಥ್ ಸಿಗುತ್ತದೆ, ಅದೇ ಹೊತ್ತಿಗೆ 3ನೇ ರಿಲೇ 2ನೇ ಫ್ಯಾನಿಗೆ ನೇರ ಬ್ಯಾಟರಿ ಕೊಡುತ್ತದೆ.

ಇದನ್ನು ಒಂದು ಕಾಗದದ ಮೇಲೆ ಗೀಚಿಕೊಂಡರೆ ಕೆಟ್ಟದ್ದು ಎಲ್ಲಿ ಅಂತ ಕೂತಲ್ಲೇ ಹೇಳಬಹುದು:

ಮೆಲ್ಲಗೆ ಎರಡೂ ಓಡುತ್ತವೆ, ಜೋರಿಗೆ ಹೋದಾಗ 1ನೆಯದು ಮಾತ್ರ ಓಡಿ 2ನೆಯದು ನಿಂತೇ ಬಿಡುತ್ತದೆ: 3ನೇ ರಿಲೇ.

ಮೆಲ್ಲಗೆ ಎರಡೂ ಓಡುತ್ತವೆ, ಜೋರಿಗೆ ಹೋದಾಗ 2ನೆಯದು ಮಾತ್ರ ಓಡುತ್ತದೆ: 2ನೇ ರಿಲೇ ಎಳೆಯುತ್ತಿಲ್ಲ. 1ನೇ ಫ್ಯಾನಿನ ಎರಡೂ ತುದಿಗೆ 12 ವೋಲ್ಟ್ ಬಂದು ಕೂತಿದೆ, ವ್ಯತ್ಯಾಸವೇ ಇಲ್ಲದ ಮೇಲೆ ತಿರುಗುವುದು ಎಂತದ್ದು?

ಮೆಲ್ಲಗೆ ಎರಡೂ ಇಲ್ಲ, ಜೋರಿಗೆ ಎರಡೂ ಸರಿ: 2ನೇ ರಿಲೇಯ 87ಎ ಕಾಂಟ್ಯಾಕ್ಟ್ ಸುಟ್ಟಿದೆ.

ಮೆಲ್ಲಗೆ ಎರಡೂ ಇಲ್ಲ, ಜೋರಿಗೆ 2ನೆಯದು ಮಾತ್ರ: 1ನೇ ರಿಲೇ, ಅಥವಾ 1ನೇ ಮೋಟಾರೇ ಓಪನ್.

ಮೆಲ್ಲಗೆ ಎರಡೂ ಇಲ್ಲ, ಜೋರಿಗೆ 1ನೆಯದು ಮಾತ್ರ: 2ನೇ ಮೋಟಾರ್, ಅದರ ಕನೆಕ್ಟರ್, ಅಥವಾ ಅದರ ಅರ್ಥ್.

ನಿಮ್ಮದು ಕೊನೆಯ ಎರಡರಲ್ಲಿ ಒಂದು. ಜೋರಿಗೆ ಓಡುವುದು ಎಡದ್ದೋ ಬಲದ್ದೋ ನೋಡಿ, ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಮಿನಲ್ಲಿ ಅದು ಎಷ್ಟನೆಯದು ಅಂತ ತಾಳೆ ಹಾಕಿ. ಗ್ಯಾರೇಜಿನವರು ಹೇಳಿದ ಹಾಗೆ ಎಲ್ಲವನ್ನೂ ಬದಲಾಯಿಸಿದರೆ ಕೊನೆಯ ಸಾಲಿನ ಮೂರನೇ ಕಾರಣ, ಅಂದರೆ ಅರ್ಥ್, ಹಾಗೇ ಉಳಿದುಬಿಡಬಹುದು, ಅರ್ಥ್ ವೈರು ಅಸೆಂಬ್ಲಿ ಜೊತೆ ಬರುವುದಿಲ್ಲ.


ವಾಸ್ಕೋ ಬಂದರು, ಗೋವಾ

ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಶುರುವಾದ ಕೂಡಲೇ ಇಲ್ಲೂ ಇದೇ ದೂರು. ನನ್ನ ಓಟು ಅರ್ಥ್‌ಗೆ. ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ನೀರು. ಬಾನೆಟ್ ಒಳಗೆ ಹೆಡ್‌ಲೈಟ್ ಹಿಂದಿನ ಅರ್ಥ್ ಬೋಲ್ಟುಗಳು ಮೊದಲು ಹೋಗುತ್ತವೆ.

ಇನ್ನೊಂದು: ಅಂಧೇರಿ ಸಬ್‌ವೇ, ಹಿಂದಮಾತಾ ತರಹ ನೀರು ನಿಂತ ಕಡೆ ಗಾಡಿ ಇಳಿಸಿದ್ದರೆ ಎಲೆಗಳನ್ನು ಸರಿಯಾಗಿ ನೋಡಿ. ತಿರುಗುವ ಫ್ಯಾನ್ ನೀರಿಗೆ ತಾಗಿದರೆ ಎಲೆ ಬಾಗಿ ರೇಡಿಯೇಟರಿಗೆ ಉಜ್ಜುತ್ತದೆ, ಇಲ್ಲವೇ ತುದಿ ಮುರಿಯುತ್ತದೆ. ನೀರಿಗೆ ಇಳಿಯುವ ಮೊದಲು ಎ.ಸಿ. ಆಫ್ ಮಾಡುವುದು ಇದಕ್ಕೇ, ಎ.ಸಿ. ಇದ್ದರೆ ಫ್ಯಾನ್ ಇದ್ದೇ ಇರುತ್ತದೆ.

ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಧೂಳು, ಹುಳ, ಪ್ಲಾಸ್ಟಿಕ್ ಚೀಲದ ತುಂಡು ಅಲ್ಲಿ ಹಾಸಿಗೆ ಹಾಸಿರುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ತೊಳೆಯುವುದಾದರೆ ಇಂಜಿನ್ ಕಡೆಯಿಂದ ಮುಂದಕ್ಕೆ, ಸಾಮಾನ್ಯ ಪೈಪಿನ ನೀರಲ್ಲಿ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಂಡು ಇದ್ದ ಗಾಳಿಯೂ ಹೋಗುತ್ತದೆ.


ನಾನಾಪೇಠ್ ವೈರ್‌ಮನ್, ಪುಣೆ

ಹಡಪ್ಸರಿನವರ ಡೈರೆಕ್ಟ್ ವಿಷಯಕ್ಕ ಬರ್ತೀನಿ. ಡ್ಯಾಶ್‌ಬೋರ್ಡಿಗೆ ಹಾಕೋ ಸಣ್ಣ ಸ್ವಿಚ್ ಐದಾರು ಆಂಪಿಯರ್ ತಡೀಬಹುದು. ಫ್ಯಾನ್ ಓಡುವಾಗ 10ರಿಂದ 20 ಆಂಪಿಯರ್ ಎಳೀತೈತಿ, ಚಾಲೂ ಆಗೋ ಕ್ಷಣಕ್ಕ ಅದರ ಎರಡು ಮೂರು ಪಟ್ಟು. ರಿಲೇ ಇಲ್ಲದ, ಫ್ಯೂಸ್ ಇಲ್ಲದ ಹಂಗ ತಂದ ವೈರು ಸ್ಟೀರಿಂಗ್ ಕೆಳಗ ಸುಡತೈತಿ. ಎರಡನೇದು, ಟ್ರಾಫಿಕ್‌ನ್ಯಾಗ ಸ್ವಿಚ್ ಹಾಕೋದು ಮರತ್ರಿ ಅಂದ್ರ ಹೆಡ್ ಗ್ಯಾಸ್ಕೆಟ್ ಹೋಗತೈತಿ.

ಆದ್ರ ಒಂದು ಮಾತು ಸುಳ್ಳು ಹಬ್ಬೈತಿ, ಅದನ್ನೂ ಹೇಳಬೇಕು. “ಫ್ಯಾನ್ ಸದಾ ಓಡಿದ್ರ ಇಂಜಿನ್ ತಣ್ಣಗಾಗಿ ಪೆಟ್ರೋಲ್ ಕುಡೀತೈತಿ” ಅಂತಾರ. ಥರ್ಮೋಸ್ಟಾಟ್ ಸರಿ ಇದ್ರ ಹಂಗಾಗಂಗಿಲ್ಲ. ಅದು ಸುಮಾರು 82ರಿಂದ 88 ಡಿಗ್ರಿಗೆ ತಗೀತೈತಿ, ಅದಕ್ಕಿಂತ ತಣ್ಣಗಾದ್ರ ತಾನ ಮುಚ್ಚಿಕೋತೈತಿ. ಥರ್ಮೋಸ್ಟಾಟ್ ಕಿತ್ತು ಒಗೆದು, ಮ್ಯಾಲೆ ಫ್ಯಾನೂ ಡೈರೆಕ್ಟ್ ಮಾಡಿದ ಗಾಡ್ಯಾಗ ಮಾತ್ರ ಆ ಮಾತು ಖರೆ.

ದಾರ್ಯಾಗ ನಿಂತಾಗ ಮನಿ ಮುಟ್ಟಾಕ ಡೈರೆಕ್ಟ್ ಮಾಡೋದು ತಪ್ಪಲ್ಲ. 4 ಸ್ಕ್ವೇರ್ ಎಂ.ಎಂ. ವೈರು, ಬ್ಯಾಟರಿ ಪ್ಲಸ್ಸಿನ ಹತ್ತಿರನ 30 ಆಂಪಿಯರ್ ಇನ್‌ಲೈನ್ ಫ್ಯೂಸ್, ನೇರ ಫ್ಯಾನ್ ಕನೆಕ್ಟರಿಗೆ. ಪ್ಲಸ್ ಮೈನಸ್ ಅದಲುಬದಲು ಮಾಡಬ್ಯಾಡ್ರಿ. ಮಾಡಿದ್ರ ಫ್ಯಾನ್ ಉಲ್ಟಾ ತಿರುಗಿ ಗಾಳಿ ಮುಂದಕ್ಕ ದಬ್ಬತೈತಿ. ಸದ್ದು ಬರತೈತಿ, ಗಾಳಿನೂ ಬರತೈತಿ, ಗಾಡಿ ಮಾತ್ರ ಇನ್ನೂ ಜಲ್ದಿ ಹೀಟ್ ಆಗತೈತಿ. ಹೊಸ ಕನೆಕ್ಟರ್ ಹಾಕಿಸಿದ ಗಾಡಿಗೋಳಾಗ ಈ ತಪ್ಪು ಬಾಳ. ಗ್ರಿಲ್ ಮುಂದ ಒಂದು ತೆಳುವಾದ ಕಾಗದ ಹಿಡೀರಿ, ಒಳಗ ಎಳಕೊಂಡು ಅಂಟಬೇಕು. ಹೊರಗ ಹಾರಿದ್ರ ಉಲ್ಟಾ ಐತಿ.

ಫ್ಯಾನೂ ಇಲ್ಲ, ವೈರೂ ಇಲ್ಲ ಅಂದ್ರ ಎ.ಸಿ. ಬಂದ್ ಮಾಡಿ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ. ಅದೂ ಒಂದು ಸಣ್ಣ ರೇಡಿಯೇಟರೇ. ಬೆವತು ಹೋಗ್ತೀರಿ, ಇಂಜಿನ್ ಉಳೀತೈತಿ.


ಹಡಪ್ಸರ್ ಡೀಸೆಲ್, ಪುಣೆ

ಒಪ್ಪಿದೆ, ಸ್ವಿಚ್ ಮಾತು ವಾಪಸ್. ಆದರೆ ಒಂದೇ ಫ್ಯಾನ್ ಇರುವ ಗಾಡಿಯಲ್ಲಿ ಈ ಸೀರೀಸ್ ಲೆಕ್ಕ ಹೇಗೆ? ನನ್ನದರಲ್ಲಿ ಮೆಲ್ಲಗೆ ಓಡುವುದೇ ಇಲ್ಲ, ಕೂಲಂಟ್ 100 ಡಿಗ್ರಿ ದಾಟಿದ ಮೇಲೆ ಏಕ್‌ದಂ ವಿಮಾನದ ಸದ್ದು.


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಒಂದೇ ಫ್ಯಾನಿನಲ್ಲಿ ಕಡಿಮೆ ವೇಗಕ್ಕೆ ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆಯೇ, ಗಾಳಿ ತಾಗುವಲ್ಲಿ. ಅದು ಕಾದು ಕಾದು ಒಳಗಿನ ತಂತಿ ಕಡಿಯುತ್ತದೆ. ಕನೆಕ್ಟರ್ ತೆಗೆದು ಎರಡು ಕಾಲಿಗೆ ಓಮ್ ಮೀಟರ್ ಹಿಡಿಯಿರಿ. ಒಂದು ಓಮಿಗಿಂತ ಕಡಿಮೆ ಬಂದರೆ ಸರಿ, ಏನೂ ತೋರಿಸದಿದ್ದರೆ ಕಡಿದಿದೆ. ನಿಮ್ಮ ಲಕ್ಷಣಕ್ಕೆ ಹತ್ತರಲ್ಲಿ ಒಂಬತ್ತು ಸಲ ಅದೇ. ಮೋಟಾರ್ ಹಳತಾಗಿ ಹೆಚ್ಚು ಕರೆಂಟ್ ಎಳೆಯುತ್ತಿದ್ದರೆ ಹೊಸ ರೆಸಿಸ್ಟರೂ ಬೇಗ ಹೋಗುತ್ತದೆ ಆಯ್ತಾ, ಹಾಕುವ ಮೊದಲು ಮೋಟಾರ್ ಕೈಯಲ್ಲಿ ತಿರುವಿ ನೋಡಿ.

ಕನೆಕ್ಟರಿನಲ್ಲಿ ಎರಡು ದಪ್ಪ ವೈರಿನ ಜೊತೆ ಒಂದೆರಡು ತೆಳು ವೈರು ಉಂಟಾದರೆ ಅದು ಬೇರೆ ಜಾತಿ. ರಿಲೇ ರೆಸಿಸ್ಟರ್ ಬದಲು ಫ್ಯಾನಿನಲ್ಲೇ ಕೂತ ಮಾಡ್ಯೂಲ್ ವೇಗ ನಿರ್ಧರಿಸುತ್ತದೆ. ಅಂಥವಲ್ಲಿ ತೆಳು ವೈರು ಕಡಿದರೆ ಹೆಚ್ಚಿನವು ಪೂರ್ತಿ ಜೋರಿಗೆ ಹೋಗಿಬಿಡುತ್ತವೆ. “ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್ ಕಿರುಚುತ್ತದೆ” ಎಂಬ ದೂರಿಗೆ ಮೋಟಾರ್ ಬದಲಾಯಿಸಿದವರು ಎಷ್ಟೋ.


ಚೆಂಬೂರ್ ಸವಾರ, ಮುಂಬಯಿ

ಎಲ್ಲರಿಗೂ ಥ್ಯಾಂಕ್ಸ್. ನೋಡಿದ್ದು ಇಷ್ಟು:

ಕೈಯಲ್ಲಿ ಎರಡೂ ಹಗುರವಾಗಿ ತಿರುಗುತ್ತವೆ, ಆಟ ಇಲ್ಲ. ಫ್ಯೂಸಿನ ಎರಡೂ ತುದಿಗೆ 12.5, ಸಾಕೆಟ್ ಬಿಳಿಯಾಗಿಯೇ ಇದೆ. ಎ.ಸಿ. ಹಾಕಿದರೆ ಕಂಪ್ರೆಸರ್ ಟಕ್ ಅನ್ನುತ್ತದೆ, ಫ್ಯಾನ್ ಎರಡೂ ಅಲ್ಲಾಡುವುದಿಲ್ಲ. ಒಬಿಡಿಯಲ್ಲಿ ಕೂಲಂಟ್ 104 ಬಂದಾಗ ಬಲಗಡೆಯದು, ಡ್ರೈವರ್ ಕಡೆಯದು, ಪೂರ್ತಿ ಜೋರಿಗೆ ಬಂತು. ಎಡದ್ದು ಸುಮ್ಮನೆ. ಡಯಾಗ್ರಾಮ್ ಪ್ರಕಾರ ಬಲದ್ದು 1, ಎಡದ್ದು 2. ಎಡದ ಹೆಡ್‌ಲೈಟ್, ಹಾರ್ನ್ ಎಲ್ಲ ಸರಿ ಇವೆ. ಆಶ್ಚರ್ಯ ಅಂದರೆ ಒಂದೂ ಕೋಡ್ ಇಲ್ಲ.


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಕೋಡ್ ಇಲ್ಲದ್ದು ಆಶ್ಚರ್ಯವಲ್ಲ. ಫ್ಯಾನ್ ಕೋಡ್‌ಗಳಾದ ಪಿ0480, ಪಿ0481 ಬರುವುದು ಇಸಿಯುಗೂ (ಇಂಜಿನ್ ಕಂಪ್ಯೂಟರ್) ರಿಲೇ ಕಾಯಿಲಿಗೂ ನಡುವೆ ಕೆಟ್ಟರೆ. ರಿಲೇ ಆಚೆ ಮೋಟಾರ್ ತಿರುಗಿತೋ ಇಲ್ಲವೋ ಎಂಬುದು ಇಂಥ ಗಾಡಿಯ ಇಸಿಯುಗೆ ಗೊತ್ತಾಗುವ ದಾರಿಯೇ ಇಲ್ಲ. ಅದು ಆಜ್ಞೆ ಕೊಟ್ಟು ಕೂತಿರುತ್ತದೆ.

ಹಾಗಾದರೆ ಎಡದ ಮೋಟಾರ್, ಅದರ ಕನೆಕ್ಟರ್, ಅದರ ಅರ್ಥ್, ಮೂರೇ ಉಳಿದವು. ಎಡ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ವೈರಿನಲ್ಲಿ ಬ್ಯಾಟರಿಯಿಂದ ಮೋಟಾರಿಗೆ ನೇರ ಕೊಡಿ. ಓಡದಿದ್ದರೆ ಮರದ ಹಿಡಿಯಿಂದ ಮೋಟಾರ್ ಬೆನ್ನಿಗೆ ಮೆತ್ತಗೆ ಎರಡು ತಟ್ಟಿ. ತಟ್ಟಿದಾಗ ಓಡಿತು ಅಂದರೆ ಕಾರ್ಬನ್ ಬ್ರಷ್ ಸವೆದಿದೆ, ಇವತ್ತು ಓಡಿದ್ದು ನಾಳೆಗೆ ಲೆಕ್ಕವಲ್ಲ.


ಡೋಂಬಿವಲಿ ಥರ್ಮೋ, ಮುಂಬಯಿ

ಇವರ ಗಾಡಿಗೆ ಸಂಬಂಧವಿಲ್ಲ, ಆದರೆ ಇದೇ ತೊಂದರೆ ಹುಡುಕಿಕೊಂಡು ಬರುವವರಿಗೆ. ಫ್ಯಾನ್ ಯಾವ ವೇಗದಲ್ಲೂ ಬರದಿದ್ದರೆ ಮೊದಲು ಸೆನ್ಸರ್ ಕಡೆ ನೋಡಿ. ಇಗ್ನಿಷನ್ ಆನ್ ಇಟ್ಟು ಕೂಲಂಟ್ ಟೆಂಪರೇಚರ್ ಸೆನ್ಸರಿನ ಕನೆಕ್ಟರ್ ಕಿತ್ತರೆ ಬಹಳಷ್ಟು ಗಾಡಿಗಳು ಹೆದರಿ ಫ್ಯಾನ್ ಪೂರ್ತಿ ಹಾಕುತ್ತವೆ, ಪಿ0118 ಕೋಡ್ ಬರೆಯುತ್ತವೆ. ಹಾಗೆ ಓಡಿತು ಅಂದರೆ ಇಸಿಯು, ರಿಲೇ, ಮೋಟಾರ್ ಎಲ್ಲ ಪಾಸ್. ಸೆನ್ಸರ್ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2ರಿಂದ 2.5 ಕಿಲೋ ಓಮ್, 80ರಲ್ಲಿ 300ರ ಆಸುಪಾಸು, 100ರಲ್ಲಿ 200ಕ್ಕಿಂತ ಕೆಳಗೆ. ಪಾತ್ರೆಯ ಬಿಸಿನೀರು, ಥರ್ಮಾಮೀಟರ್, ಮೀಟರ್ ಸಾಕು.

ಕೂಲಂಟ್ ಕಡಿಮೆಯಾಗಿ ಸೆನ್ಸರ್ ತುದಿ ಒಣಗಿದ್ದರೆ ಎಚ್ಚರ. ಅದು ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಒಳಗೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ, ಫ್ಯಾನಿಗೂ ಕರೆ ಹೋಗುವುದಿಲ್ಲ. ಮುಳ್ಳನ್ನು ಪೂರ್ತಿ ನಂಬಬೇಡಿ ಅನ್ನಲು ಇನ್ನೊಂದು ಕಾರಣ: ಈಗಿನ ಎಷ್ಟೋ ಗಾಡಿಗಳಲ್ಲಿ ಅದು 75ರಿಂದ 105ರವರೆಗೆ ಬೇಕೆಂತಲೇ ನಡುವೆ ನಿಲ್ಲುವ ಹಾಗೆ ಮಾಡಿರುತ್ತಾರೆ. ಒಬಿಡಿ ಅಂಕಿ ನೋಡಿ.

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇಸಿಯು ಇಲ್ಲ, ಥರ್ಮೋ ಸ್ವಿಚ್ ಅಷ್ಟೇ. ಅದರ ಎರಡು ವೈರನ್ನು ಒಂದಕ್ಕೊಂದು ತಾಗಿಸಿದಾಗ ಫ್ಯಾನ್ ಬಂದರೆ ಸ್ವಿಚ್ ಕೆಟ್ಟಿದೆ. ಎ.ಸಿ. ಹಾಕಿದರೂ ಫ್ಯಾನ್ ಬರದು, ಕಂಪ್ರೆಸರೂ ಹಿಡಿಯದು ಅಂದರೆ ಗ್ಯಾಸ್ ಖಾಲಿಯಾಗಿರಬಹುದು. ಒತ್ತಡ ಸುಮಾರು 2 ಬಾರಿಗಿಂತ ಇಳಿದರೆ ಪ್ರೆಶರ್ ಸ್ವಿಚ್ ಎರಡನ್ನೂ ತಡೆಯುತ್ತದೆ.


ನಾನಾಪೇಠ್ ವೈರ್‌ಮನ್, ಪುಣೆ

ಅದಕ್ಕ ಒಂದು ಸೇರಸ್ತೀನಿ. ರಿಲೇ ಕಾಯಿಲಿನ ಕಡೆ, ಅಂದ್ರ 85, 86ರ ಕಡೆ, ದೊಡ್ಡ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬ್ಯಾಡ್ರಿ. ಕಾಯಿಲು 80 ಓಮ್ ಇದ್ರ 0.15 ಆಂಪಿಯರ್ ಎಳೀತೈತಿ, ಇಸಿಯು ಒಳಗ ರಿಲೇ ಎಳೆಯೋ ಸರ್ಕ್ಯೂಟ್ ಅಷ್ಟಕ್ಕ ಮಾಡಿದ್ದು. 21 ವ್ಯಾಟಿನ ಇಂಡಿಕೇಟರ್ ಬಲ್ಬು 1.75 ಆಂಪಿಯರ್ ಎಳದು ಇಸಿಯುನ ಸುಡತೈತಿ. ಅಲ್ಲಿ ಎಲ್‌ಇಡಿ ಲ್ಯಾಂಪು ಇಲ್ಲಾ ಮೀಟರು. ದೊಡ್ಡ ಬಲ್ಬು 30, 87ರ ಕಡೆ, ಅಂದ್ರ ಫ್ಯಾನಿನ ಕರೆಂಟ್ ಹಾಯೋ ಕಾಲಿನ ಕಡೆ ಮಾತ್ರ. ರಿಲೇ ಟಕ್ ಅಂತು ಅಂದ್ರ ಕಾಯಿಲು ಸರಿ ಐತಿ ಅಂತ ಅಷ್ಟ, ಕಾಂಟ್ಯಾಕ್ಟ್ ಸುಟ್ಟಿರಬಹುದು. ಅದೇ ನಂಬರಿಂದು ಹಾರ್ನ್ ರಿಲೇ ಇದ್ರ ಅದಲುಬದಲು ಮಾಡಿ ನೋಡ್ರಿ.


ಚೆಂಬೂರ್ ಸವಾರ, ಮುಂಬಯಿ

ಈಗ ಪೂರ್ತಿ ಗೊಂದಲ. ಎಡ ಮೋಟಾರಿಗೆ ನೇರ ಕೊಟ್ಟೆ, ಏಟಿಗೇ ಜೋರಾಗಿ ಓಡಿತು. ಅಂದರೆ ಮೋಟಾರ್ ಸರಿ. ಆಮೇಲೆ ಬಿಚ್ಚಿದ ಕನೆಕ್ಟರಿನಲ್ಲಿ ಗಾಡಿ ಕಡೆಯ ಎರಡು ಪಿನ್ ನಡುವೆ, ಬಲ ಫ್ಯಾನ್ ಜೋರಾಗಿ ಓಡುತ್ತಿರುವಾಗ, ಅಳೆದರೆ 13.8 ವೋಲ್ಟ್. ಅಂದರೆ ಪ್ಲಸ್ಸೂ ಬರುತ್ತಿದೆ, ಅರ್ಥೂ ಇದೆ. ಗಾಡಿ ಆಫ್ ಮಾಡಿ ಕಪ್ಪು ವೈರಿನಿಂದ ಬಾಡಿಗೆ ಬೀಪ್ ಇಟ್ಟೆ, ಬೀಪ್ ಬರುತ್ತದೆ. ಕನೆಕ್ಟರ್ ಪಿನ್ ಹೊಳೆಯುತ್ತಿವೆ. ಎಲ್ಲವೂ ಸರಿ, ಕನೆಕ್ಟರ್ ವಾಪಸ್ ಹಾಕಿದರೆ ಫ್ಯಾನ್ ಓಡುವುದಿಲ್ಲ!


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಸಿಕ್ಕಿತು ನೋಡಿ. ಕನೆಕ್ಟರ್ ಬಿಚ್ಚಿಟ್ಟು ಅಳೆದ ವೋಲ್ಟೇಜಿಗೆ ಫ್ಯಾನ್ ವಿಷಯದಲ್ಲಿ ಬೆಲೆ ಇಲ್ಲ ಮಾರಾಯ್ರೆ. ಮಲ್ಟಿಮೀಟರ್ ಎಳೆಯುವುದು ಸೊನ್ನೆ ಅನ್ನಬಹುದಾದಷ್ಟು ಕರೆಂಟ್. ಇಪ್ಪತ್ತು ಎಳೆಗಳ ವೈರಿನಲ್ಲಿ ಹತ್ತೊಂಬತ್ತು ಕೊಳೆತು ಒಂದೇ ಉಳಿದಿದ್ದರೂ ಅದು 13.8 ತೋರಿಸುತ್ತದೆ. ಬೀಪ್ ಕೂಡ ಹಾಗೆಯೇ, ಎಷ್ಟೋ ಮೀಟರುಗಳು 30 ಓಮ್ ಇದ್ದರೂ ಬೀಪ್ ಅನ್ನುತ್ತವೆ. ನಿಂತ ಫ್ಯಾನ್ ಮೋಟಾರಿನ ರೆಸಿಸ್ಟೆನ್ಸ್ ಅರ್ಧ ಓಮೂ ಇರುವುದಿಲ್ಲ. ಅದರ ಎದುರು 5 ಓಮ್ ಎಂದರೆ ಗೋಡೆ.

ಕನೆಕ್ಟರ್ ಹಾಕಿಯೇ ಅಳೆಯಬೇಕು. ಹಿಂದಿನಿಂದ, ವೈರ್ ಒಳಹೋಗುವ ಕಡೆಯಿಂದ, ಒಂದು ತೆಳು ಸೂಜಿ ಪಿನ್ನಿಗೆ ತಾಗುವ ಹಾಗೆ ತೂರಿಸಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಮೇಲೆ. ಕೈ, ಅಂಗಿ ತೋಳು, ಮೀಟರ್ ವೈರು ಎಲ್ಲ ಬಲ ಫ್ಯಾನಿನಿಂದ ದೂರ. ಈಗ ಜೋರು ವೇಗದ ಕರೆ ಬಂದಾಗ ಎಡ ಫ್ಯಾನಿನ ಕೆಂಪು ವೈರಿನಲ್ಲಿ ಎಷ್ಟು, ಕಪ್ಪು ವೈರಿನಲ್ಲಿ ಎಷ್ಟು? ಕಪ್ಪಿನಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು.

ಮೀಟರನ್ನೂ ನಂಬದಿದ್ದರೆ ಹಳೆಯ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ತೆಗೆದುಕೊಳ್ಳಿ. ಒಂದು ವೈರು ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಿಚ್ಚಿದ ಕನೆಕ್ಟರಿನ ಕಪ್ಪು ಪಿನ್ನಿಗೆ. ಬಲ್ಬ್ ನಾಲ್ಕೂವರೆ ಆಂಪಿಯರ್ ಕೇಳುತ್ತದೆ. ಅರ್ಥ್ ಸರಿ ಇದ್ದರೆ ಕಣ್ಣು ಕುಕ್ಕುವ ಬಿಳಿ ಬೆಳಕು.


ಚೆಂಬೂರ್ ಸವಾರ, ಮುಂಬಯಿ

ಕೆಂಪು ವೈರು 13.7. ಕಪ್ಪು ವೈರು 12.9! ಬಲ್ಬ್ ಹಚ್ಚಿದೆ, ಒಳಗಿನ ತಂತಿ ಊದಿನಕಡ್ಡಿ ತುದಿಯ ಹಾಗೆ ಕೆಂಪಗೆ ಮಿಣುಕುತ್ತದೆ, ಅಷ್ಟೇ.


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಮೋಟಾರಿಗೆ ಸಿಗುತ್ತಿರುವುದು 0.8 ವೋಲ್ಟ್. ಉಳಿದ 12.9 ಪೂರ್ತಿ ಅರ್ಥ್ ದಾರಿಯಲ್ಲಿ ಉರಿದುಹೋಗುತ್ತಿದೆ. ಮೋಟಾರ್ ನಿಂತಿರುವಾಗ 0.35 ಓಮ್ ಅಂತ ಹಿಡಿದರೆ ಹರಿಯುವುದು ಸುಮಾರು 2.3 ಆಂಪಿಯರ್. ಅಂದರೆ ಅರ್ಥ್‌ನಲ್ಲಿ ಐದೂವರೆ ಓಮಿನಷ್ಟು ತಡೆ, ಅಲ್ಲಿ ಸುಮಾರು 30 ವ್ಯಾಟ್ ಕಾವು. ಒಂದು ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಹಾಗಾಗಿ ಹುಡುಕುವುದು ಸುಲಭ: ಐದು ನಿಮಿಷ ಹಾಗೇ ಬಿಟ್ಟು, ಇಂಜಿನ್ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಕಪ್ಪು ವೈರಿನ ಗುಂಟ ಕೈ ಆಡಿಸುತ್ತ ಹೋಗಿ. ಸುತ್ತಲಿನ ಎಲ್ಲಕ್ಕಿಂತ ಬಿಸಿ ಎಲ್ಲಿ ಉಂಟೋ ಅಲ್ಲೇ. ಎಡ ಹೆಡ್‌ಲೈಟ್ ಸರಿ ಉಂಟು ಅಂದಿರಿ, ಆದ್ದರಿಂದ ಬೋಲ್ಟ್ ಕೂತ ಜಾಗವಲ್ಲ, ಈ ಒಂದು ವೈರಿನ ಲಗ್ (ಬೋಲ್ಟಿಗೆ ಸಿಕ್ಕಿಸುವ ವೈರ್ ತುದಿಯ ಲೋಹದ ಉಂಗುರ) ಒಳಗೇ ಇರಬೇಕು. ಬೋಲ್ಟೇ ತುಕ್ಕು ಹಿಡಿದಿದ್ದರೆ ಅಲ್ಲಿಗೆ ಬರುವ ಎಲ್ಲವೂ ಮಂಕಾಗುತ್ತಿತ್ತು.


ಚೆಂಬೂರ್ ಸವಾರ, ಮುಂಬಯಿ

ಎಡ ಹೆಡ್‌ಲೈಟ್ ಹಿಂದೆ, ಬ್ಯಾಟರಿ ಟ್ರೇ ಕೆಳಗೆ ಒಂದೇ ಬೋಲ್ಟಿಗೆ ಮೂರು ಲಗ್. ತಳದ್ದು ಮುಟ್ಟಿದರೆ ಚುರ್ ಅಂತು. ಮೇಲಿನ ಎರಡು ಹೊಳೆಯುತ್ತಿವೆ. ತಳದ್ದರ ಕಪ್ಪು ಸ್ಲೀವ್ ಸೀಳಿದರೆ ಒಳಗೆ ಹಸಿರು ಪುಡಿ, ಬೆರಳಲ್ಲಿ ತಿಕ್ಕಿದರೆ ಉದುರುತ್ತದೆ. ವೈರ್ ಮೆಲ್ಲಗೆ ಎಳೆದೆ, ಲಗ್‌ನಿಂದ ಕಳಚಿಯೇ ಬಂತು.


ವಾಸ್ಕೋ ಬಂದರು, ಗೋವಾ

ಹೇಳಿದ್ದೆ! ಇನ್ನು ಅವಸರ ಮಾಡಬೇಡಿ. ಆ ತುದಿಗೇ ಹೊಸ ಲಗ್ ಒತ್ತಿದರೆ ಮುಂದಿನ ಮಳೆಗೆ ಮತ್ತೆ ಇದೇ. ನೀರು ಎಳೆಗಳ ನಡುವೆ ಹೀರಿಕೊಂಡು ಇನ್ಸುಲೇಷನ್ ಒಳಗೆ ಮೇಲಕ್ಕೆ ಏರಿರುತ್ತದೆ. ಒಂದೊಂದೇ ಇಂಚು ಕತ್ತರಿಸುತ್ತ ಹೋಗಿ, ಕಪ್ಪು ತಾಮ್ರ ಮುಗಿದು ಹೊಳೆಯುವ ತಾಮ್ರ ಬರುವವರೆಗೆ. ವೈರ್ ಗಿಡ್ಡವಾದರೆ ಅಷ್ಟೇ ದಪ್ಪದ ವೈರ್ ಜೋಡಿಸಿ, ತೆಳುವಾದದ್ದು ಬೇಡ.

ಲಗ್ ತವರ ಲೇಪಿಸಿದ ತಾಮ್ರದ್ದು, 6 ಎಂ.ಎಂ. ತೂತಿನದು. ಇಕ್ಕಳದಲ್ಲಿ ಜಜ್ಜಬೇಡಿ, ಕ್ರಿಂಪಿಂಗ್ ಪ್ಲೈಯರಿನಲ್ಲೇ ಒತ್ತಿ, ಎಳೆದು ನೋಡಿ. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಸಾದಾ ಹೀಟ್ ಶ್ರಿಂಕ್ ನೀರು ತಡೆಯುವುದಿಲ್ಲ, ಒಳಗೆ ಹಿಡಿದಿಡುತ್ತದೆ. ಬಾಡಿಯ ಬಣ್ಣ ಲಗ್ ಕೂರುವಷ್ಟು ಮಾತ್ರ ಕೆರೆದು, ಸ್ಟಾರ್ ವಾಷರ್ ಇಟ್ಟು ಬಿಗಿ ಮಾಡಿ. ಪೆಟ್ರೋಲಿಯಂ ಜೆಲ್ಲಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ಸವರಿ.


ನಾನಾಪೇಠ್ ವೈರ್‌ಮನ್, ಪುಣೆ

ಬರೇ ಸೋಲ್ಡರ್ ಮಾಡಿಸಬ್ಯಾಡ್ರಿ. ಇಂಜಿನ್ ನಡುಕಕ್ಕ ಸೋಲ್ಡರ್ ಮುಗಿಯೋ ಜಾಗದಾಗ ವೈರು ಪಟ್ ಅಂತ ಮುರೀತೈತಿ. ಒತ್ತಿದ ಲಗ್ಗೇ ಸರಿ.


ಚೆಂಬೂರ್ ಸವಾರ, ಮುಂಬಯಿ

ಮೂರು ಇಂಚು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಹೊಸ ಲಗ್ ಹಾಕಿದೆ. ಎ.ಸಿ. ಹಾಕಿದ ಕೂಡಲೇ ಎರಡೂ ಫ್ಯಾನ್ ಮೆಲ್ಲಗೆ ಶುರುವಾದವು. ಸೆನ್ಸರ್ ಕನೆಕ್ಟರ್ ಕಿತ್ತು ಜೋರಿಗೆ ತಂದೆ, ಎರಡೂ ಬಂದವು. ಎಡ ಕಪ್ಪು ವೈರು ಈಗ 0.08 ವೋಲ್ಟ್. ಮನೆ ಮುಂದೆ ಎ.ಸಿ. ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದೆ, 92ರಿಂದ 97ರ ನಡುವೆ ಆಡುತ್ತಿದೆ. ಅಸೆಂಬ್ಲಿ, ರಿಲೇ ಬಾಕ್ಸ್ ಎರಡೂ ಹಳೆಯವೇ.

ಬಲಗಡೆಯದನ್ನೂ ಹಾಗೇ ಅಳೆದೆ, ಜೋರು ವೇಗದಲ್ಲಿ ಅದರ ಅರ್ಥ್ ಕಡೆ 0.46 ಬರುತ್ತಿದೆ. ಫ್ಯಾನ್ ಚೆನ್ನಾಗಿಯೇ ಓಡುತ್ತಿದೆ. ಬಿಡಲಾ?


ಕುರ್ಲಾ ಮಲ್ಟಿಮೀಟರ್, ಮುಂಬಯಿ

ಬಿಡಬೇಡಿ. ಅದರಲ್ಲಿ 2ನೇ ರಿಲೇಯ ಕಾಂಟ್ಯಾಕ್ಟಿನದ್ದೂ ಸೇರಿರುತ್ತದೆ, ಆದ್ದರಿಂದ ಮೊದಲು ರಿಲೇ ಸಾಕೆಟಿನ 87ರಿಂದ ಬ್ಯಾಟರಿ ಮೈನಸ್‌ಗೆ ಎಷ್ಟು ಅಂತ ಬೇರೆಯಾಗಿ ಅಳೆಯಿರಿ. ಅಲ್ಲಿಯೂ 0.2 ದಾಟಿದರೆ ಬಲಗಡೆ ಬೋಲ್ಟ್ ಬಿಚ್ಚಿ, ಅದೇ 10 ನಂಬರ್ ಸ್ಪ್ಯಾನರ್.